ಸ್ಫಟಿಕದ ಗಡಿಯಾರವೂ ಕೆಲಸ ತಪ್ಪಿದವರ ಲೆಕ್ಕವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ಯಾವ ಊರಿನಲ್ಲಾದರೂ ಹಳೆಯ ಮನೆಗಳಲ್ಲಿ ವಿಚಾರಿಸಿದರೆ ಎಚ್.ಎಂ.ಟಿ. ಕೈಗಡಿಯಾರವೊಂದು ಸಿಕ್ಕುವುದು ಕಷ್ಟವಲ್ಲ. ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಗಳಲ್ಲಿ ಮೊದಲನೆಯದು 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾಯಿತು. ಬಳಿಕ ನಮ್ಮ ನೆರೆಯ ತುಮಕೂರಿನಲ್ಲಿಯೂ ಒಂದು ಸ್ಥಾಪಿತವಾಯಿತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಹೀಗೆ ಕಾರ್ಖಾನೆಯೊಂದು ಮುಚ್ಚಿದಾಗ ಅದರ ಕೆಲಸಗಾರರು ಕಳೆದುಕೊಳ್ಳುವುದೆಷ್ಟು? ಹೊಸ ಕಸಬನ್ನು ಕಲಿಸಿದರೆ ಆ ನಷ್ಟ ತುಂಬಿಬರುವುದೆ?

ಮೊದಲು ಗಡಿಯಾರವನ್ನೇ ನೋಡೋಣ. ಎಚ್.ಎಂ.ಟಿ. ಜನತಾ ಮಾದರಿಯ ಕೀಲಿ ಗಡಿಯಾರದಲ್ಲಿ ಕಾಲವನ್ನು ಅಳೆಯುವುದು ಕೂದಲೆಳೆಯಂಥ ಸುರುಳಿಗೆ ಕಟ್ಟುಬಿದ್ದ ಒಂದು ಪುಟ್ಟ ಚಕ್ರ. ಅದು ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ 5 ಬಾರಿ, ಮಿಡಿಯುತ್ತದೆ. ಸುರುಳಿಯ ಬಿಗಿ ಸ್ವಲ್ಪ ಹೆಚ್ಚುಕಡಮೆಯಾದರೂ ಗಡಿಯಾರ ಮುಂದೋಡುತ್ತದೆ, ಇಲ್ಲವೆ ಹಿಂದೆ ಬೀಳುತ್ತದೆ. ಅದನ್ನು ಹದಕ್ಕೆ ತರುವ ಕೈಗೆ ವರ್ಷಗಟ್ಟಲೆ ಅಭ್ಯಾಸ ಬೇಕು. ಸ್ಫಟಿಕದ ಗಡಿಯಾರದಲ್ಲಿ ಈ ಚಕ್ರಕ್ಕೆ ಬದಲಾಗಿ ಒಂದು ಸಣ್ಣ ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಎರಡರಿಂದ ಭಾಗಿಸಿ ನೋಡಿರಿ. ಸರಿಯಾಗಿ 1 ಉಳಿಯುತ್ತದೆ. ಭಾಗಾಕಾರದ ಈ ಕೆಲಸವನ್ನು ವಿದ್ಯುನ್ಮಂಡಲವೇ ಮಾಡುತ್ತದೆ. ಹದಗೊಳಿಸುವವನ ಬೆರಳಿಗೆ ಅಲ್ಲಿ ಕೆಲಸವಿಲ್ಲ!

ಇಂಥ ಮೊದಲ ಕೈಗಡಿಯಾರವನ್ನು ಜಪಾನಿನ ಸೀಕೊ ಸಂಸ್ಥೆ 1969ರ ಡಿಸೆಂಬರ್ 25ರಂದು ಮಾರಾಟಕ್ಕಿಟ್ಟಿತು. 1970ರಲ್ಲಿ ಸುಮಾರು 90,000 ಜನರಿಗೆ ಅನ್ನ ಕೊಡುತ್ತಿದ್ದ ಸ್ವಿಟ್ಜರ್ಲೆಂಡಿನ ಗಡಿಯಾರದ ಉದ್ಯಮದಲ್ಲಿ 1980ರ ದಶಕದ ಮಧ್ಯಭಾಗಕ್ಕೆ ಮೂವತ್ತು ಸಾವಿರ ಚಿಲ್ಲರೆ ಜನ ಮಾತ್ರ ಉಳಿದಿದ್ದರು. ನಮ್ಮಲ್ಲಿ 1984ರಲ್ಲಿ ಹುಟ್ಟಿದ ಟೈಟನ್ ಸಂಸ್ಥೆ ಹೊಸೂರಿನಲ್ಲಿ ಸ್ಫಟಿಕವನ್ನೇ ನೆಚ್ಚಿ ಕಾರ್ಖಾನೆ ಕಟ್ಟಿತು. ಎಚ್.ಎಂ.ಟಿ.ಯೂ ಸ್ಫಟಿಕದ ಗಡಿಯಾರಗಳನ್ನು ಮಾಡದಿರಲಿಲ್ಲ. ಆದರೆ ಅದರ ಬಲವೆಲ್ಲ ಕೀಲಿ ಗಡಿಯಾರದಲ್ಲಿಯೇ ಇತ್ತು. ಹರಳೊಂದೇ ಅದನ್ನು ಮುಚ್ಚಿಸಿತೆಂದು ಹೇಳುವುದು ಅತಿಸರಳವಾದೀತು. ಆದರೂ ಹದಗೊಳಿಸುವ ಕೈಗಿದ್ದ ಬೆಲೆಯನ್ನು ಅದು ಇಳಿಸಿತೆಂಬುದರಲ್ಲಿ ಸಂದೇಹವಿಲ್ಲ.

ಕೆಲಸಗಾರನ ಕೂಲಿಯಲ್ಲಿ ಎರಡು ಭಾಗಗಳುಂಟು. ಒಂದು ಎಲ್ಲಿ ಹೋದರೂ ಸಲ್ಲುವ ಕೌಶಲದ ಬೆಲೆ: ಅಳತೆಯ ಅರಿವು, ನಕ್ಷೆ ಓದುವುದು, ಲೇತ್ ಯಂತ್ರವನ್ನು ನಡೆಸುವುದು. ಇನ್ನೊಂದು ಆ ಕಾರ್ಖಾನೆಯಲ್ಲಿ ಮಾತ್ರ ಸಲ್ಲುವ ಅನುಭವದ ಬೆಲೆ. ಇಪ್ಪತ್ತು ವರ್ಷ ಒಂದೇ ಕಡೆ ದುಡಿದವನಲ್ಲಿ ಈ ಎರಡನೆಯ ಭಾಗ ದೊಡ್ಡದು. ಬಾಗಿಲು ಮುಚ್ಚಿದ ದಿನ ಅದು ಸೊನ್ನೆಯಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1980ರ ದಶಕದ ಆರಂಭದಲ್ಲಿ ಕೆಲಸ ತಪ್ಪಿದ ಹಳೆಯ ಕೆಲಸಗಾರರ ಆದಾಯವನ್ನು ಜೇಕಬ್ಸನ್, ಲಲಾಂಡ್, ಸಲಿವನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿ 1993ರಲ್ಲಿ ಪ್ರಕಟಿಸಿದರು. ಬೇರೆ ಕೆಲಸ ಸಿಕ್ಕಿದ ಮೇಲೂ, ಆರು ವರ್ಷ ಕಳೆದರೂ, ಆದಾಯ ಸುಮಾರು ಕಾಲುಭಾಗ ಕಡಮೆಯೇ ಇತ್ತು.

ಇದನ್ನು ನಮ್ಮ ಕಾನೂನಿನ ಪಕ್ಕದಲ್ಲಿಟ್ಟು ನೋಡಬೇಕು. ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದಿರುವ ನಿಯಮದಂತೆ, ಕೆಲಸದಿಂದ ತೆಗೆದವನಿಗೆ ಪ್ರತಿ ಸೇವಾವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಇಪ್ಪತ್ತು ವರ್ಷಕ್ಕೆ 300 ದಿನ, ಎಂದರೆ ಹತ್ತು ತಿಂಗಳ ವೇತನ. ಆದಾಯದಲ್ಲಿ ಕಾಲುಭಾಗ ಆರು ವರ್ಷ ಖೋತಾ ಬಿದ್ದರೆ ನಷ್ಟ ಹದಿನೆಂಟು ತಿಂಗಳ ವೇತನ. ಕೆಲಸವೇ ಇಲ್ಲದೆ ಕಳೆದ ತಿಂಗಳುಗಳನ್ನು ಇದರಲ್ಲಿ ಸೇರಿಸಿಲ್ಲ. ಎಚ್.ಎಂ.ಟಿ.ಯವರಿಗೆ 2016ರಲ್ಲಿ 2007ರ ವೇತನಶ್ರೇಣಿಯನ್ನು ಆಧಾರವಾಗಿಟ್ಟುಕೊಂಡು ಸ್ವಯಂನಿವೃತ್ತಿಯ ಹಣ ಕೊಡಲು ನಿರ್ಧಾರವಾಯಿತು. ತುಮಕೂರಿನ ಕಾರ್ಖಾನೆಯ ಜಾಗ ಮುಂದೆ ಇಸ್ರೋ ಸಂಸ್ಥೆಗೆ ಸೇರಿತು. ಜಾಗ ಹೊಸ ಉಪಯೋಗಕ್ಕೆ ಬಂದಿತೆಂದ ಮಾತ್ರಕ್ಕೆ ಅಲ್ಲಿದ್ದವರಿಗೆ ಕೆಲಸ ಬಂದಂತಾಗಲಿಲ್ಲ.

ಹಾಗಾದರೆ ಮರುತರಬೇತಿ? 1992ರಲ್ಲಿ ಭಾರತ ಸರ್ಕಾರ ಈ ಉದ್ದೇಶವನ್ನೂ ಸೇರಿಸಿಕೊಂಡು ರಾಷ್ಟ್ರೀಯ ನವೀಕರಣ ನಿಧಿಯನ್ನು ಸ್ಥಾಪಿಸಿತು. ಅದರ ಬಹುಪಾಲು ಹಣ ಸ್ವಯಂನಿವೃತ್ತಿಯ ಬಟವಾಡೆಗೇ ಹೋಯಿತು. ನನ್ನ ಅಭಿಪ್ರಾಯದಲ್ಲಿ ತರಬೇತಿ ಫಲಿಸಬೇಕಾದರೆ ಅದು ಕೆಲಸ ಹೋಗುವ ಮೊದಲೇ, ಸಂಬಳ ಬರುತ್ತಿರುವಾಗಲೇ, ಆರಂಭವಾಗಬೇಕು. ಮತ್ತು ಕಲಿತವರನ್ನು ತೆಗೆದುಕೊಳ್ಳುವ ಉದ್ಯಮವು ಹತ್ತಿರದಲ್ಲಿಯೇ ಇರಬೇಕು. ಐವತ್ತು ವರ್ಷ ವಯಸ್ಸಿನವನಿಗೆ ದೂರದ ಊರಿನ ಕೆಲಸವೆಂದರೆ ಮನೆ, ಜಮೀನು, ಮಕ್ಕಳ ಶಾಲೆ ಎಲ್ಲವನ್ನೂ ಕೀಳಬೇಕಾದ ಪ್ರಶ್ನೆ.

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಇಂದು ವಿದೇಶಕ್ಕೆ ರಫ್ತು ಮಾಡುವ ಜವಳಿ ಕಾರ್ಖಾನೆಗಳುಂಟು. ಹೊಲಿಗೆಯ ಸಾಲಿನಲ್ಲಿ ದಿನವೆಲ್ಲ ಒಂದೇ ಅಂಚನ್ನು ಹೊಲಿಯುವ ಹೆಣ್ಣುಮಗಳ ಕೌಶಲದಲ್ಲಿ ಹೊರಗೆ ಸಲ್ಲುವುದೆಷ್ಟು? ಅದೇ ಕಾರ್ಖಾನೆಯಲ್ಲಿ ಯಂತ್ರದ ದುರಸ್ತಿ ಬಲ್ಲ ವಿದ್ಯುತ್ ಕೆಲಸಗಾರನದು ಎಲ್ಲಿಯೂ ಸಲ್ಲುತ್ತದೆ. 2020ರ ಸಂಹಿತೆ ಮರುಕೌಶಲ ನಿಧಿಯೊಂದನ್ನು ಹೇಳಿದೆ. ಕೆಲಸದಿಂದ ತೆಗೆದವರಿಗೆ 45 ದಿನಗಳೊಳಗೆ ಅದರಿಂದ ಸಲ್ಲಬೇಕಾದದ್ದು 15 ದಿನಗಳ ವೇತನ. ಐ.ಟಿ.ಐ.ಯ ಶಿಕ್ಷಣಕ್ಕಾದರೋ ಸಾಮಾನ್ಯವಾಗಿ ಒಂದು ಇಲ್ಲವೆ ಎರಡು ವರ್ಷ. ಒಂದು ವರ್ಷದ್ದನ್ನೇ ಹಿಡಿದರೂ, ಉಳಿದ ಹನ್ನೊಂದೂವರೆ ತಿಂಗಳು ಅರಕಲಗೂಡಿನಿಂದ ದಿನವೂ ಹಾಸನಕ್ಕೆ ಬಂದು ಕಲಿಯುವವಳ ಮನೆಯ ಅಕ್ಕಿಬೇಳೆಗೆ ಹಣ ಎಲ್ಲಿಂದ ಬರಬೇಕು ಎಂಬುದನ್ನು ಸಂಹಿತೆಯಲ್ಲಿ ಬರೆದಿಲ್ಲ.