ಬಂಡೆಯಲ್ಲಿ ಸಿಕ್ಕ ಅಬ್ಬಣಬ್ಬೆ

ಪಂಪ ‘ವಿಕ್ರಮಾರ್ಜುನ ವಿಜಯ’ದಲ್ಲಿ ತನ್ನ ವಂಶದ ಕತೆ ಹೇಳುತ್ತಾನೆ. ವೆಂಗಿ ನಾಡಿನ ಮಾಧವ ಸೋಮಯಾಜಿಯಿಂದ ಶುರುವಾಗಿ ತಂದೆಯವರೆಗೆ ಹೆಸರುಗಳು ಸಾಲಾಗಿ ಬರುತ್ತವೆ. ಹೆತ್ತವಳ ಹೆಸರು ಮಾತ್ರ ಅಲ್ಲಿಲ್ಲ. ಜೊತೆಗೆ ಒಂದು ಒಗಟೂ ಉಳಿದಿತ್ತು. ವೆಂಗಿ ಮೂಲದ, ವೇಮುಲವಾಡದ ಆಸ್ಥಾನದಲ್ಲಿದ್ದ ಕವಿ ತನ್ನದು ಪುಲಿಗೆರೆಯ ತಿರುಳ್ಗನ್ನಡ ಎಂದು ಹೇಳಿಕೊಂಡದ್ದೇಕೆ?

ಉತ್ತರ ಇದ್ದದ್ದು ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದ ಬಳಿ. ಅಲ್ಲಿನ ಗುಡ್ಡವನ್ನು ಊರವರು ಬೊಮ್ಮಲಗುಟ್ಟ ಎನ್ನುತ್ತಾರೆ, ಬೊಂಬೆಗಳ ಗುಡ್ಡ. ಬಂಡೆಯ ಮೇಲೆ ಚಕ್ರೇಶ್ವರಿ, ತೀರ್ಥಂಕರರ ಮೂರ್ತಿಗಳು. ಅವುಗಳ ಕೆಳಗೆ ಕನ್ನಡ, ಸಂಸ್ಕೃತ, ತೆಲುಗು ಮೂರೂ ಬೆರೆತ ಬರಹ. ಕಳೆದ ಶತಮಾನದ ಉತ್ತರಾರ್ಧದಲ್ಲಿ ವಿದ್ವಾಂಸರು ಅದನ್ನು ಓದಿ ಪ್ರಕಟಿಸಿದರು. ತೆಲುಗರು ಅದರಲ್ಲಿ ತಮ್ಮ ಹಳೆಯ ಕಂದಪದ್ಯಗಳನ್ನು ಕಂಡರು. ನಮಗೆ ಸಿಕ್ಕದ್ದು ಒಬ್ಬ ತಾಯಿ.

ಬರೆಸಿದವನು ಪಂಪನ ತಮ್ಮ ಜಿನವಲ್ಲಭ. ತಾನು ಕಟ್ಟಿಸಿದ ಬಸದಿ, ಅಣ್ಣನ ಬಿರುದಿನ ಹೆಸರಿಟ್ಟ ‘ಕವಿತಾಗುಣಾರ್ಣವ’ ಕೆರೆ, ಅಣ್ಣನಿಗೆ ವೇಮುಲವಾಡದ ದೊರೆ ಅರಿಕೇಸರಿ ಕೊಟ್ಟ ಧರ್ಮಪುರ ಅಗ್ರಹಾರ, ಎಲ್ಲವನ್ನೂ ಹೇಳುವ ನಡುವೆ ಅವನು ತಂದೆ ಭೀಮಪಯ್ಯನ ಜೊತೆಗೆ ತಾಯಿ ಅಬ್ಬಣಬ್ಬೆಯನ್ನೂ ಹೆಸರಿಸಿದ. ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು. ಬೆಳ್ವೊಲ-300, ಪುಲಿಗೆರೆ-300 ಅಕ್ಕಪಕ್ಕದ ನಾಡುಗಳು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಕವಿಯ ತಿರುಳ್ಗನ್ನಡ ತಾಯಿಯ ಕಡೆಯಿಂದ ಬಂದದ್ದು ಎಂದೇ ನಾನು ನಂಬುತ್ತೇನೆ.

ಆ ಹೆಸರನ್ನೇ ನೋಡಿ. ಅಬ್ಬೆ ಎಂದರೆ ತಾಯಿ. ಗಂಡಸಿನ ಹೆಸರಿಗೆ ಅಯ್ಯ ಸೇರುವಂತೆ ಹೆಣ್ಣಿನ ಹೆಸರಿಗೆ ಅಬ್ಬೆ ಸೇರುತ್ತಿತ್ತು. ಭೀಮಪಯ್ಯ, ಅಬ್ಬಣಬ್ಬೆ: ಗೌರವದಲ್ಲಿ ಇಬ್ಬರೂ ಸಮ. ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿ ರನ್ನನನ್ನು ಪೊರೆದ ಅತ್ತಿಮಬ್ಬೆ, ಆಕೆಯ ತಂಗಿ ಗುಂಡಮಬ್ಬೆ ಎಲ್ಲರೂ ಇದೇ ಸಾಲಿನವರು. ಹವ್ಯಕರ ಮನೆಗಳಲ್ಲಿ ಇಂದಿಗೂ ತಾಯಿ ಅಬ್ಬೆಯೇ. ಉತ್ತರ ಕರ್ನಾಟಕದ ನೀಲವ್ವ, ಯಲ್ಲವ್ವರ ಹೆಸರಿನ ತುದಿಯಲ್ಲಿರುವ ಅವ್ವನೂ ಆ ಅಬ್ಬೆಯ ಬಳಗದವಳೇ.

ಪಂಪನ ಪರಿಚಯ ಬರೆಯುವವರು, ಪಾಠ ಹೇಳುವವರು ಭೀಮಪಯ್ಯನ ಮಗ ಎಂದಷ್ಟೇ ಹೇಳಿ ಮುಂದೆ ಹೋಗಬೇಡಿ. ಅಣ್ಣಿಗೇರಿಯ ಅಬ್ಬಣಬ್ಬೆಯ ಮಗ ಎಂದೂ ಬರೆಯಿರಿ.