ಹಗುರ ಚೀಲದ ಲೆಕ್ಕಾಚಾರ

"ಇರಲಿ, ಬೇಕಾದೀತು" ಎಂದು ಕೊನೆ ಗಳಿಗೆಯಲ್ಲಿ ತುರುಕುವ ಸಾಮಾನೇ ಪ್ರಯಾಣದ ಚೀಲವನ್ನು ಭಾರ ಮಾಡುತ್ತದೆ. ರೈಲಿನಲ್ಲಿ ಈ ಅಭ್ಯಾಸ ನಡೆದುಹೋಗುತ್ತದೆ. ಸ್ಲೀಪರ್ ದರ್ಜೆಯಲ್ಲಿ ಒಬ್ಬರಿಗೆ 40 ಕಿಲೋವರೆಗೆ ಉಚಿತ. ದೇಶದೊಳಗಿನ ವಿಮಾನದಲ್ಲಿ ಹಾಗಲ್ಲ. ಸಾಮಾನ್ಯ ದರ್ಜೆಯ ಟಿಕೆಟಿಗೆ ಕೈಚೀಲದ ಮಿತಿ ಹೆಚ್ಚಾಗಿ 7 ಕಿಲೋ. ಚಕ್ರವಿರುವ ಗಟ್ಟಿ ಪೆಟ್ಟಿಗೆ ಖಾಲಿ ಇದ್ದಾಗಲೇ ಎರಡೂವರೆ, ಮೂರು ಕಿಲೋ ತೂಗಿದರೆ ಉಳಿಯುವುದು ಸುಮಾರು ನಾಲ್ಕೇ ಕಿಲೋ.

ಬಟ್ಟೆಯಲ್ಲಿ ಉಳಿತಾಯ ಹೆಚ್ಚು. ಜೀನ್ಸ್ ಪ್ಯಾಂಟು ಒದ್ದೆಯಾದರೆ ಇಡೀ ದಿನ ಒಣಗುವುದಿಲ್ಲ. ದಪ್ಪ ಟರ್ಕಿ ಟವೆಲ್ಲಿನದೂ ಅದೇ ಕಥೆ. ಅದರ ಬದಲು ತೆಳು ಪಾಣಿಪಂಚೆಯೊಂದಿದ್ದರೆ ಮೈ ಒರೆಸಲು, ಹೊದೆಯಲು, ಬಸ್ಸಿನ ಕಿಟಕಿಯ ಬಿಸಿಲಿಗೆ ಅಡ್ಡ ಕಟ್ಟಲು ಸಾಕು. ರಾತ್ರಿ ಹಿಂಡಿ ಹರವಿದರೆ ಬೆಳಗ್ಗೆ ಒಣಗಿರುತ್ತದೆ. ಒಗೆದು ಉಡುವ ರೂಢಿಯಿದ್ದವರಿಗೆ ಮೂರು ದಿನದ ಪ್ರವಾಸಕ್ಕೂ ಹತ್ತು ದಿನದ್ದಕ್ಕೂ ಮೂರು ಜೊತೆ ಬಟ್ಟೆ ಸಾಕು. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಮಾತ್ರ ಈ ಲೆಕ್ಕ ಕೆಡುತ್ತದೆ. ಅಲ್ಲಿಗೆ ಇನ್ನೊಂದು ಜೊತೆ ಬೇಕೇ ಬೇಕು.

ನಿಜವಾದ ಕಷ್ಟ ಬರುವುದು ಮನೆಯವರ ಪ್ರೀತಿಯಿಂದ. ಹೋಗುವಾಗ ಚಟ್ನಿಪುಡಿ, ಕೋಡುಬಳೆ. ಬರುವಾಗ ನೆಂಟರು ಕಟ್ಟಿಕೊಟ್ಟ ಹಲಸಿನ ಹಪ್ಪಳ, ಉಪ್ಪಿನಕಾಯಿ. ಇವನ್ನು ಬೇಡವೆನ್ನುವ ಧೈರ್ಯವನ್ನು ಯಾವ ಪ್ರವಾಸ ಕೈಪಿಡಿಯೂ ಕಲಿಸದು. ಚೀಲದ ಮೂಲೆಯೊಂದನ್ನು ಹೊರಡುವಾಗಲೇ ಖಾಲಿ ಬಿಡುವುದು ಜಾಣತನ.

ಚೀಲ ಎಷ್ಟೇ ತುಂಬಿದ್ದರೂ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅದನ್ನು ವಿಮಾನದ ಲಗೇಜಿಗೆ ಹಾಕಲು ಬಿಡುವುದಿಲ್ಲ.