ಪ್ರೊಪೊಲಿಸ್: ಜೇನುಗೂಡಿನ ಅಂಟಿನಲ್ಲಿ ಏನಿದೆ?

ಇಲ್ಲಿ ಅಮೆರಿಕದ ಫಾರ್ಮಸಿಗಳಲ್ಲಿ, ಫಾರ್ಮರ್ಸ್ ಮಾರ್ಕೆಟ್‌ಗಳಲ್ಲಿ ಜೇನುತುಪ್ಪದ ಪಕ್ಕದಲ್ಲೇ ಕಂದು ಬಣ್ಣದ ಚಿಕ್ಕ ಬಾಟಲಿಯೊಂದನ್ನು ನೀವು ನೋಡಿರಬಹುದು. ಅದರ ಹೆಸರು ಪ್ರೊಪೊಲಿಸ್. ಅದರಲ್ಲಿ ಆ್ಯಂಟಿಆಕ್ಸಿಡೆಂಟ್ ತುಂಬಿದೆ ಎಂದು ಬರೆದಿರುತ್ತದೆ. ಊರಿಂದ ಬಂದಿರುವ ಅಜ್ಜಿಗೆ ಇದನ್ನು ಕೊಡೋಣವೇ ಎಂದು ಅಮ್ಮ ಕೇಳಿದರೆ ಏನು ಹೇಳುತ್ತೀರಿ? ಮನೆಯಲ್ಲಿ ಸೈನ್ಸ್ ಓದಿದವರು ನೀವು. ಪ್ರಶ್ನೆ ನಿಮಗೇ ಬರುತ್ತದೆ. ಉತ್ತರಕ್ಕೆ ಬೇಕಾದ ರಸಾಯನಶಾಸ್ತ್ರವನ್ನು ಇವತ್ತು ನೋಡೋಣ.

ಪ್ರೊಪೊಲಿಸ್ ಜೇನುತುಪ್ಪವಲ್ಲ, ಬರೀ ಮೇಣವೂ ಅಲ್ಲ. ಅದರ ಮುಖ್ಯ ಭಾಗ ಮರದ ರಾಳ. ಬೇಸಿಗೆ ಶುರುವಾಗುವಾಗ ರಸ್ತೆ ತುಂಬ ಹತ್ತಿ ಹಾರಿಸುವ ಕಾಟನ್‌ವುಡ್ ಮರ ನಿಮಗೆ ಗೊತ್ತಿದೆಯಲ್ಲ, ಅದು ಪಾಪ್ಲರ್ ಜಾತಿಯದು. ಹುಳು, ಶಿಲೀಂಧ್ರಗಳಿಂದ ಎಳೆ ಮೊಗ್ಗನ್ನು ಕಾಪಾಡಲು ಇಂಥ ಮರಗಳು ಅಂಟು ರಾಳ ಸುರಿಸುತ್ತವೆ. ಜೇನುನೊಣ ಅದನ್ನು ಕಚ್ಚಿ ತೆಗೆದು, ಹಿಂಗಾಲಿಗೆ ಅಂಟಿಸಿಕೊಂಡು ಗೂಡಿಗೆ ತರುತ್ತದೆ. ಮೇಣ ಬೆರೆಸಿ ಬಿರುಕು ಮುಚ್ಚುತ್ತದೆ, ಒಳಗೋಡೆಗೆ ಬಳಿಯುತ್ತದೆ. ಗೂಡಿಗೆ ನುಗ್ಗಿದ ಇಲಿ ಸತ್ತುಬಿದ್ದರೆ, ಹೊರಗೆ ಎಳೆಯಲಾಗದೆ ಅದರ ಮೈಗೂ ಇದನ್ನೇ ಮೆತ್ತುವುದುಂಟು.

ಇದರಿಂದ ನೊಣಗಳಿಗೆ ಲಾಭವಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಮತ್ತು ಸಂಗಡಿಗರು ಗೂಡಿನ ಒಳಗೆ ರಾಳದ ಸಾರ ಬಳಿದು ನೋಡಿದರು. ಅಲ್ಲಿನ ನೊಣಗಳಲ್ಲಿ ಬ್ಯಾಕ್ಟೀರಿಯಾ ಕಡಿಮೆಯಿತ್ತು, ರೋಗನಿರೋಧಕ ಜೀನ್‌ಗಳ ದುಡಿತವೂ ಕಡಿಮೆಯಾಗಿತ್ತು ಎಂದು 2009ರಲ್ಲಿ ಪ್ರಕಟಿಸಿದರು. ಆದರೆ ಒಂದು ಮಾತು ನೆನಪಿರಲಿ: ನೊಣಗಳಿಗೆ ಇದು ಆಹಾರವಲ್ಲ, ಗೋಡೆಯ ಗಾರೆ.

ಪಾಪ್ಲರ್ ಮೂಲದ ಪ್ರೊಪೊಲಿಸ್‌ನಲ್ಲಿ ಸುಮಾರಾಗಿ ನೂರಕ್ಕೆ 50 ಭಾಗ ರಾಳ, 30 ಭಾಗ ಮೇಣ, 10 ಭಾಗ ಸುವಾಸನೆಯ ತೈಲ, 5 ಭಾಗ ಪರಾಗ, ಉಳಿದದ್ದು ಇತರೆ. ಆ್ಯಂಟಿಆಕ್ಸಿಡೆಂಟ್ ಗುಣ ಬರುವುದು ಮುಖ್ಯವಾಗಿ ರಾಳದಲ್ಲಿರುವ ಫೀನಾಲ್ ವಸ್ತುಗಳಿಂದ. ಪಿನೊಸೆಂಬ್ರಿನ್, ಗಲಾಂಜಿನ್, ಕ್ರೈಸಿನ್ ಎಂಬ ಫ್ಲೇವನಾಯ್ಡ್‌ಗಳು ಒಂದು ಗುಂಪು. ಕೆಫೀಕ್ ಆಮ್ಲದ ಎಸ್ಟರ್‌ಗಳು ಇನ್ನೊಂದು.

ಇವು ಮಾಡುವ ಕೆಲಸವೇನು? ಡಬ್ಬಿಯಲ್ಲಿ ಬಹಳ ದಿನ ಉಳಿದ ಚಕ್ಕುಲಿ ಕಮಟು ವಾಸನೆ ಬರುತ್ತದಲ್ಲ, ಅದು ಎಣ್ಣೆಯಲ್ಲಿ ನಡೆದ ಸರಪಳಿ ಕ್ರಿಯೆ. ಒಂಟಿ ಎಲೆಕ್ಟ್ರಾನ್ ಇರುವ ಫ್ರೀ ರ್‍ಯಾಡಿಕಲ್ ಒಂದು, ಪಕ್ಕದ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಆಗ ಆ ಅಣುವೂ ರ್‍ಯಾಡಿಕಲ್ ಆಗುತ್ತದೆ. ಫೀನಾಲ್ ನಡುವೆ ಬಂದು ತನ್ನ ಹೈಡ್ರೋಜನ್ ಕೊಟ್ಟು ಸರಪಳಿ ಕಡಿಯುತ್ತದೆ. ಉಳಿದ ಒಂಟಿ ಎಲೆಕ್ಟ್ರಾನನ್ನು ತನ್ನ ಉಂಗುರದ ತುಂಬ ಹಂಚಿಕೊಳ್ಳುವುದರಿಂದ ಅದು ಮುಂದೆ ಅಷ್ಟಾಗಿ ತಂಟೆ ಮಾಡುವುದಿಲ್ಲ. ಕೆಫೀಕ್ ಆಮ್ಲದ ಎಸ್ಟರ್‌ಗಳಲ್ಲಿ ಇಂಥ ಎರಡು ಹೈಡ್ರಾಕ್ಸಿಲ್‌ಗಳು ಅಕ್ಕಪಕ್ಕದಲ್ಲಿವೆ, ಅದಕ್ಕೇ ಅವು ಹೆಚ್ಚು ಚುರುಕು.

ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಪ್ರೊಪೊಲಿಸ್ ಸಾರ ಹಾಕಿದರೆ ಅದು ಹಳದಿಗೆ ತಿರುಗುತ್ತದೆ. ಜಾಹೀರಾತಿನ ಅಂಕಿಗಳು ಬರುವುದು ಹೆಚ್ಚಾಗಿ ಇಂಥ ಪರೀಕ್ಷೆಗಳಿಂದ. ಆದರೆ ಅಜ್ಜಿಯ ಹೊಟ್ಟೆ ಗಾಜಿನ ನಳಿಕೆಯಲ್ಲ! ನುಂಗಿದ ಫೀನಾಲ್‌ಗಳಲ್ಲಿ ಸ್ವಲ್ಪ ಮಾತ್ರ ರಕ್ತ ಸೇರುತ್ತದೆ. ಅದನ್ನೂ ಕರುಳು, ಯಕೃತ್ತು ಬೇರೆ ರೂಪಕ್ಕೆ ಬದಲಿಸುತ್ತವೆ.

ಇನ್ನೊಂದು ತೊಡಕು, ಪ್ರೊಪೊಲಿಸ್ ಒಂದೇ ವಸ್ತುವಲ್ಲ. ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್ ಬಕ್ಕಾರಿಸ್ ಎಂಬ ಪೊದೆಯಿಂದ ಬರುತ್ತದೆ. ಅದರ ಮುಖ್ಯ ವಸ್ತು ಆರ್ಟೆಪಿಲಿನ್ ಸಿ. ಮರ ಬದಲಾದರೆ ರಸಾಯನವೇ ಬದಲು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಪ್ರೊಪೊಲಿಸ್‌ನ ಆರೋಗ್ಯ ಹೇಳಿಕೆಗಳನ್ನು ಒಪ್ಪಲಿಲ್ಲ. ಒಳಗೇನಿದೆ ಎಂದು ಖಚಿತವಾಗಿ ಹೇಳಿಲ್ಲ ಎಂಬುದೇ ಅದರ ಆಕ್ಷೇಪ. ಅಮೆರಿಕದಲ್ಲೂ ಇಂಥ ಸಪ್ಲಿಮೆಂಟ್‌ಗಳು ಮಾರಾಟಕ್ಕೆ ಬರುವ ಮುನ್ನ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ.

'ಜೇನು ನಮ್ಮ ಹಿರಿಯರ ಔಷಧಿ ತಾನೆ?' ಎಂದು ಮನೆಯಲ್ಲಿ ಹೇಳಬಹುದು. ಜೇನುತುಪ್ಪದ ಮಾತು ಬೇರೆ. ನಮ್ಮ ಮಲೆನಾಡಿನ ಪೆಟ್ಟಿಗೆಗಳಲ್ಲಿ ಸಾಕುವ ತುಡುವೆ ಜೇನು ಸಾಮಾನ್ಯವಾಗಿ ಪ್ರೊಪೊಲಿಸ್ ಕೂಡಿಸುವುದೇ ಇಲ್ಲ. ರಾಳ ತರುವುದು ಕುಟುಕದ ಪುಟ್ಟ ಮುಜಂಟಿ ಜೇನು. ಅದರ ಗೂಡೇ ಮೇಣ, ರಾಳಗಳ ಕಟ್ಟಡ; ಆ ರಾಳ ಅಲ್ಲಿನ ಗಿಡಮರಗಳದ್ದು.

ಹಾಗಾದರೆ ಅಮ್ಮನಿಗೆ ಏನು ಹೇಳುವುದು? ಆ್ಯಂಟಿಆಕ್ಸಿಡೆಂಟ್ ಇರುವುದು ನಿಜ. ಅದರಿಂದ ಅಜ್ಜಿಯ ಕಾಯಿಲೆ ವಾಸಿಯಾಗುತ್ತದೆ ಎಂಬುದಕ್ಕೆ ಅದೊಂದೇ ಸಾಕ್ಷಿಯಾಗದು. ಚುರುಕಾದ ಆ ಕೆಫೀಕ್ ಎಸ್ಟರ್‌ಗಳಲ್ಲೇ ಕೆಲವು, ಕೆಲವರಿಗೆ ಚರ್ಮದ ಮೇಲೆ ತುರಿಕೆ, ಗುಳ್ಳೆ ಏಳಿಸುತ್ತವೆ. ಉಬ್ಬಸ, ಜೇನಿನ ಅಲರ್ಜಿ ಇರುವವರು ದೂರವಿರುವುದು ಒಳ್ಳೆಯದು. ಎಷ್ಟೋ ಬಾಟಲಿಗಳಲ್ಲಿ ರಾಳ ಕರಗಿಸಲು ಆಲ್ಕೋಹಾಲ್ ಬಳಸಿರುತ್ತಾರೆ, ಲೇಬಲ್ ಓದಿ. ಅಜ್ಜಿ ದಿನವೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ, ಬಾಟಲಿಯನ್ನು ಡಾಕ್ಟರಿಗೆ ತೋರಿಸಿದ ಮೇಲೆಯೇ ಮುಚ್ಚಳ ತೆಗೆಯಿರಿ.